ಸೂಜಿಗೆ ನೋಂದಣಿ ಬೇಕು, ಕೈಗೆ ಬೇಡ

ಕಳೆದ ತಿಂಗಳು ಸಾಗರದಿಂದ ನಮ್ಮ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ದೂರವಾಣಿ ಮಾಡಿದ್ದ. ಮಳೆ, ಅಡಿಕೆ, ಕೊಳೆರೋಗದ ಮಾತು ಮುಗಿದ ಮೇಲೆ ವಿಷಯಕ್ಕೆ ಬಂದ. ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಪದವಿ ಮುಗಿಸಿ ಮನೆಯಲ್ಲಿದ್ದಾಳೆ. ಬೆಂಗಳೂರಿನ ಏಜೆಂಟನೊಬ್ಬ ದಾರಿ ತೋರಿಸಿದ್ದಾನೆ: ವಿದ್ಯಾರ್ಥಿ ವೀಸಾದಲ್ಲಿ ಇಂಗ್ಲೆಂಡಿಗೆ ಹೋಗಲಿ, ಬಿಡುವಿನ ವೇಳೆಯಲ್ಲಿ ಮಸಾಜ್ ಸೆಂಟರಿನಲ್ಲಿ ದುಡಿಯಲಿ, ವರ್ಷ ಕಳೆಯುವುದರೊಳಗೆ ತನ್ನದೇ ಸೆಂಟರ್ ತೆರೆಯಲಿ. "ಅಲ್ಲಿ ಈ ಕೆಲಸಕ್ಕೆ ಲೈಸೆನ್ಸೇ ಬೇಡವಂತೆ. ಹೌದೇನೆ?" ಎಂದು ಕೇಳಿದ.

ನಾನು ಬರ್ಮಿಂಗ್‌ಹ್ಯಾಮಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಸಣ್ಣ ಅಂಗಡಿ, ಸಲೂನು, ಉಪಾಹಾರಗೃಹಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಆದ್ದರಿಂದ ಇಂತಹ ಪ್ರಶ್ನೆಗಳು ನನಗೆ ಹೊಸವಲ್ಲ. ಆದರೆ ಅಣ್ಣನ ಪ್ರಶ್ನೆಗೆ ಹೌದೆಂದರೂ ಸುಳ್ಳಾಗುತ್ತಿತ್ತು, ಇಲ್ಲವೆಂದರೂ ಸುಳ್ಳಾಗುತ್ತಿತ್ತು. ಎರಡು ದಿನ ಸಮಯ ಕೊಡು ಎಂದೆ. ಆ ಎರಡು ದಿನಗಳಲ್ಲಿ ನಾನು ಯೋಚಿಸಿದ್ದನ್ನು, ಹೀಗೆಯೇ ಮಕ್ಕಳನ್ನು ಕಳುಹಿಸಲು ಸಿದ್ಧರಾಗಿರುವ ಇತರ ಮನೆಗಳವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಏಜೆಂಟನ ಮಾತಿನಲ್ಲಿ ನಿಜವೂ ಇದೆ. ಇಂಗ್ಲೆಂಡಿನಲ್ಲಿ ಮಸಾಜ್ ಮಾಡುವವರಿಗೆ ಇಡೀ ದೇಶಕ್ಕೆ ಅನ್ವಯಿಸುವ ಸರ್ಕಾರಿ ಪರವಾನಗಿ ಎಂಬುದಿಲ್ಲ. ‘ಮಸಾಜ್ ಥೆರಪಿಸ್ಟ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ವಾರಾಂತ್ಯದ ಎರಡು ದಿನಗಳ ತರಬೇತಿ ಪಡೆದವರು, ಅದನ್ನೂ ಪಡೆಯದವರು, ಯಾರು ಬೇಕಾದರೂ ಆ ಫಲಕವನ್ನು ಬಾಗಿಲಿಗೆ ತಗುಲಿಸಬಹುದು. ಆದರೆ ‘ಫಿಸಿಯೋಥೆರಪಿಸ್ಟ್’ ಎಂಬ ಹೆಸರು ಹಾಗಲ್ಲ. ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಪರಿಷತ್ತಿನಲ್ಲಿ, ಇಲ್ಲಿನವರು ಎಚ್‌ಸಿಪಿಸಿ ಎನ್ನುತ್ತಾರೆ, ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಬಳಸುವುದು ಅಪರಾಧ. ಮೂಳೆ, ಕೀಲು, ಬೆನ್ನೆಲುಬಿಗೆ ಕೈಚಿಕಿತ್ಸೆ ಕೊಡುವ ಆಸ್ಟಿಯೋಪಾತ್‌ಗಳಿಗೆ 1993ರ ಕಾಯ್ದೆಯಿದೆ, ಕೈರೋಪ್ರಾಕ್ಟರ್‌ಗಳಿಗೆ 1994ರದ್ದಿದೆ. ನಾಲ್ಕೂವರೆ ವರ್ಷ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದ ನಮ್ಮ ಹುಡುಗಿ ಈ ದೇಶದಲ್ಲಿ ಇಳಿದ ದಿನ ತಾನು ಕಲಿತ ವಿದ್ಯೆಯ ಹೆಸರನ್ನು ಹೇಳಿಕೊಂಡು ಕೆಲಸ ಮಾಡುವಂತಿಲ್ಲ. ಏನೂ ಕಲಿಯದವರ ಸಾಲಿನಲ್ಲಿ ನಿಂತು ಮಸಾಜ್ ಮಾಡಬಹುದು. ಏಜೆಂಟರು ಇದನ್ನೇ ‘ಸುಲಭದ ದಾರಿ’ ಎಂದು ಮಾರುತ್ತಾರೆ.

ಈ ವಿಚಿತ್ರಕ್ಕೆ ಒಂದು ಇತಿಹಾಸವಿದೆ, ಅದರ ಆರಂಭದಲ್ಲಿ ಭಾರತೀಯನೊಬ್ಬನೂ ಇದ್ದಾನೆ. ಪಾಟ್ನಾದ ದೀನ್ ಮಹಮ್ಮದ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಗೃಹವನ್ನು ತೆರೆದ. ಅವನು ತನ್ನ ವಿದ್ಯೆಯನ್ನು ‘ಶಾಂಪೂಯಿಂಗ್’ ಎಂದು ಕರೆದ. ಇಂದು ನಾವು ತಲೆಗೆ ಹಾಕಿಕೊಳ್ಳುವ ಶಾಂಪೂ ಎಂಬ ಪದ ಹಿಂದೀ ಭಾಷೆಯ ‘ಚಾಂಪೋ’ದಿಂದ, ಅಂದರೆ ಒತ್ತು, ತಿಕ್ಕು ಎಂಬ ಮಾತಿನಿಂದ ಬಂದದ್ದು. ನಾಲ್ಕನೆಯ ಜಾರ್ಜ್ ದೊರೆಗೂ ಅವನ ಸೇವೆ ಸಲ್ಲುತ್ತಿತ್ತು. ಆಗ ಯಾರೂ ಅವನ ಪರವಾನಗಿಯನ್ನು ಕೇಳಲಿಲ್ಲ. ಬಂದವರಿಗೆ ಗುಣವಾಯಿತೋ ಇಲ್ಲವೋ ಎಂಬುದೇ ಪ್ರಮಾಣಪತ್ರವಾಗಿತ್ತು. ಆ ಶತಮಾನದ ಕೊನೆಯ ವೇಳೆಗೆ ಮಸಾಜಿನ ಹೆಸರು ಕೆಟ್ಟಿತು. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆ ಮಸಾಜ್ ಗೃಹಗಳ ಹೆಸರಿನಲ್ಲಿ ನಡೆಯುತ್ತಿದ್ದ ಅನೈತಿಕ ವ್ಯವಹಾರವನ್ನು ಬಯಲಿಗೆಳೆಯಿತು. ಅದೇ ವರ್ಷ ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಮಸಾಜ್ ಕೆಲಸದವರ ಸಂಘವೊಂದನ್ನು ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ಚಿಕಿತ್ಸೆ ಕೊಡಕೂಡದು, ಕಂಡಕಂಡಲ್ಲಿ ಜಾಹೀರಾತು ಹಾಕಕೂಡದು ಎಂದು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. 1920ರಲ್ಲಿ ಆ ಸಂಘಕ್ಕೆ ರಾಜಸನದು ದೊರೆಯಿತು. 1944ರಲ್ಲಿ ಅದು ಫಿಸಿಯೋಥೆರಪಿ ಸಂಘವೆಂಬ ಹೆಸರು ತಳೆಯಿತು. ಹೀಗೆ ಮಸಾಜಿನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮಾನ್ಯತೆ ಪಡೆದು ಬೇರೆ ಮನೆ ಮಾಡಿದಳು. ತಾಯಿ ಮಾತ್ರ ಹಳೆಯ ಅನುಮಾನದ ಬೀದಿಯಲ್ಲೇ ಉಳಿದಳು.

ನನ್ನ ತಕರಾರು ಇರುವುದು ಆ ಅನುಮಾನದ ಬಗ್ಗೆಯೇ. ಈ ದೇಶದಲ್ಲಿ ಮಸಾಜ್ ಕೇಂದ್ರಗಳ ಮೇಲೆ ಆಡಳಿತದ ಕಣ್ಣು ಬೀಳುವಾಗ ‘ಇಲ್ಲಿ ಬೇರೇನಾದರೂ ನಡೆಯುತ್ತಿದೆಯೇ’ ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ. ‘ಇಲ್ಲಿ ಕೆಲಸ ಮಾಡುವವರಿಗೆ ವಿದ್ಯೆ ಇದೆಯೇ, ಅವರಿಗೆ ಸಂಬಳ ಸಿಗುತ್ತಿದೆಯೇ’ ಎಂಬ ಪ್ರಶ್ನೆಗಳಿಗೆ ಸರದಿ ಬರುವುದು ಅಪರೂಪ.

ಬರ್ಮಿಂಗ್‌ಹ್ಯಾಮಿನ ಉದಾಹರಣೆಯನ್ನೇ ನೋಡಿ. ಇಲ್ಲಿ 1990ರ ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ ಕಾಯ್ದೆ ಎಂಬುದೊಂದಿದೆ. ಸಂಸತ್ತು ಈ ಒಂದು ನಗರಕ್ಕಾಗಿಯೇ ಅಂಗೀಕರಿಸಿದ ಕಾಯ್ದೆ ಅದು. ಅದರ ಪ್ರಕಾರ ಸಾರ್ವಜನಿಕರಿಗೆ ಮಸಾಜ್ ಮತ್ತು ವಿಶೇಷ ಚಿಕಿತ್ಸೆ ನೀಡುವ ಕೇಂದ್ರಕ್ಕೆ ಕೌನ್ಸಿಲಿನ ಪರವಾನಗಿ ಬೇಕು. ಆದ್ದರಿಂದ ‘ಲೈಸೆನ್ಸೇ ಬೇಡ’ ಎಂಬ ಏಜೆಂಟನ ಮಾತು ನಾನಿರುವ ಊರಿನಲ್ಲಿಯೇ ಸುಳ್ಳು. ಆದರೆ ಹ್ಯಾಗ್ಲಿ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆಯುತ್ತಾ ಹೋಗಿ ಬೇರ್‌ವುಡ್ ಮುಟ್ಟಿದರೆ ನೀವು ಸ್ಯಾಂಡ್‌ವೆಲ್ ಕೌನ್ಸಿಲಿನ ನೆಲದಲ್ಲಿರುತ್ತೀರಿ. ಬರ್ಮಿಂಗ್‌ಹ್ಯಾಮಿನ ಕಾಯ್ದೆ ಅಲ್ಲಿಗೆ ಬರುವುದಿಲ್ಲ. ನೂರು ಮೈಲಿ ಆಚೆಯ ಮ್ಯಾಂಚೆಸ್ಟರಿಗೂ ಲೀಡ್ಸಿಗೂ ಬರುವುದಿಲ್ಲ. ಲಂಡನ್ನಿನ ಬರೋಗಳಿಗೆ 1991ರ ಬೇರೆಯದೇ ಕಾಯ್ದೆಯಿದೆ. ಒಂದೇ ಎಣ್ಣೆ, ಒಂದೇ ಬೆನ್ನು, ಅದೇ ಎರಡು ಕೈಗಳು; ಕಾನೂನು ಮಾತ್ರ ಊರಿಂದೂರಿಗೆ ಬದಲಾಗುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. 1982ರ ಸ್ಥಳೀಯ ಸರ್ಕಾರಗಳ ಕಾಯ್ದೆಯೊಂದು ಅಕ್ಯುಪಂಕ್ಚರ್, ಹಚ್ಚೆ, ಕಿವಿ ಚುಚ್ಚುವಿಕೆ ಮತ್ತು ವಿದ್ಯುತ್ತಿನಿಂದ ಕೂದಲು ತೆಗೆಯುವ ಕೆಲಸಗಳಿಗೆ ನೋಂದಣಿ ವಿಧಿಸುವ ಅಧಿಕಾರವನ್ನು ಕೌನ್ಸಿಲುಗಳಿಗೆ ಕೊಟ್ಟಿತು. ರಕ್ತದಿಂದ ಹರಡುವ ರೋಗಗಳ ಭಯ ಅದರ ಹಿಂದಿತ್ತು, ಅದು ನ್ಯಾಯವೂ ಹೌದು. ಆದ್ದರಿಂದ ಚರ್ಮಕ್ಕೆ ತಾಗುವ ಸೂಜಿಗೆ ನೋಂದಣಿಯಿದೆ. ಕುತ್ತಿಗೆಯ ಮೇಲೆ ಭಾರ ಹಾಕಿ ಒತ್ತುವ ಮೊಣಕೈಗೆ ಇಲ್ಲ. ಉಳುಕು ತೆಗೆಯುವವರ ಕೈ ತಪ್ಪಿದರೆ ಏನಾಗುತ್ತದೆಂದು ನಮ್ಮ ಮಲೆನಾಡಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳಿಯಾಳು.

ಈ ಬಿರುಕಿನಲ್ಲಿ ಸಿಕ್ಕಿಬೀಳುವವರು ಯಾರೆಂಬುದು ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ. ಪರಿಚಿತರೊಬ್ಬರ ಮೂಲಕ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಲೀಡ್ಸಿನಿಂದ ರೈಲು ಹತ್ತಿ ನಮ್ಮ ಮನೆಗೆ ಬಂದಳು. ಸ್ನಾತಕೋತ್ತರ ವಿದ್ಯಾರ್ಥಿನಿ. ಅಲ್ಲಿನ ಒಂದು ‘ವೆಲ್‌ನೆಸ್’ ಕೇಂದ್ರದಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿದ್ದಳು. ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರಬೇಕು, ಮಾಲೀಕಳು ಹೇಳಿದ ಉಡುಪನ್ನೇ ತೊಡಬೇಕು, ಗಿರಾಕಿ ಬಂದರೆ ಮಾತ್ರ ದುಡ್ಡು. ಎಂಟು ಗಂಟೆ ಕಾದು ಎರಡು ಗಂಟೆಯ ಕೂಲಿ ಪಡೆದ ದಿನಗಳು ಇದ್ದವು. ಅವಳು ತಂದ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಒಂದೇ ಪದ: ‘ಸ್ವಯಂ ಉದ್ಯೋಗಿ’. ಅವಳು ನೌಕರಳಲ್ಲ, ತನ್ನದೇ ವ್ಯಾಪಾರ ನಡೆಸುವವಳು ಎಂದು ಅವಳಿಂದಲೇ ಸಹಿ ಮಾಡಿಸಿಕೊಂಡಿದ್ದರು.

"ಇದಕ್ಕೇನಾಯಿತು ಆಂಟಿ? ಎಲ್ಲರೂ ಹಾಗೇ ಸಹಿ ಮಾಡಿದ್ದಾರೆ" ಎಂದಳು.

ಆಗಿದ್ದು ಇಷ್ಟು. ಪದವಿ ಹಂತದ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಸ್ವಯಂ ಉದ್ಯೋಗ ಮಾಡುವಂತಿಲ್ಲ, ಸ್ವಂತ ವ್ಯಾಪಾರ ನಡೆಸುವಂತಿಲ್ಲ. ಒಂದು ಗಂಟೆಯೂ ಇಲ್ಲ. ಮಸಾಜ್ ಮತ್ತು ಸೌಂದರ್ಯ ಕೇಂದ್ರಗಳಲ್ಲಿ ಕೆಲಸದವರನ್ನು ಸ್ವಯಂ ಉದ್ಯೋಗಿಗಳೆಂದು ತೋರಿಸುವ ಪದ್ಧತಿ ಬಹಳ ಸಾಮಾನ್ಯವಾದದ್ದರಿಂದ, ನಮ್ಮ ಮಕ್ಕಳು ಕೆಲಸಕ್ಕೆ ಸೇರಿದ ಮೊದಲ ದಿನವೇ, ತಮಗೆ ಗೊತ್ತಿಲ್ಲದೆಯೇ, ವೀಸಾದ ಷರತ್ತನ್ನು ಮುರಿದಿರುತ್ತಾರೆ. ಆಮೇಲೆ ಕನಿಷ್ಠ ವೇತನ ಕೇಳಲು ಬಾಯಿ ಬರುವುದಿಲ್ಲ. ‘ಹೋಮ್ ಆಫೀಸಿಗೆ ತಿಳಿಸಲೇ?’ ಎಂಬ ಒಂದು ಮಾತು ಸಾಕು.

ಕಾನೂನಿನ ದೃಷ್ಟಿಯಲ್ಲಿ ಕಾಗದದ ಮೇಲಿನ ಪದವೇ ಕೊನೆಯ ಮಾತಲ್ಲ. ಊಬರ್ ಚಾಲಕರ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಅದನ್ನು ಸ್ಪಷ್ಟಪಡಿಸಿತು: ಒಪ್ಪಂದಪತ್ರದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಕೆಲಸ ನಿಜವಾಗಿ ಯಾರ ಹಿಡಿತದಲ್ಲಿ ನಡೆಯುತ್ತದೆ ಎಂಬುದೇ ಮುಖ್ಯ. ಸಮಯ, ಉಡುಪು, ದರ ಎಲ್ಲವನ್ನೂ ಮಾಲೀಕರೇ ನಿರ್ಧರಿಸಿದರೆ ಕೆಲಸ ಮಾಡುವವರಿಗೆ ಕನಿಷ್ಠ ವೇತನದ ಹಕ್ಕಿದೆ ಎಂದು ವಾದಿಸಲು ಗಟ್ಟಿ ನೆಲೆಯಿದೆ. 21 ವರ್ಷ ಮೇಲ್ಪಟ್ಟವರಿಗೆ 2025ರ ಏಪ್ರಿಲ್‌ನಿಂದ ಅದು ಗಂಟೆಗೆ 12.21 ಪೌಂಡ್ ಆಯಿತು. ಆದರೆ ಆ ವಾದವನ್ನು ಹೂಡುವವಳು ಪರದೇಶದಲ್ಲಿ ಒಬ್ಬಂಟಿಯಾಗಿರುವ ಇಪ್ಪತ್ಮೂರು ವರ್ಷದ ಹುಡುಗಿ. ಅವಳ ತಂದೆ ಊರಿನಲ್ಲಿ ಹೊಲ ಅಡವಿಟ್ಟಿದ್ದಾರೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಲಹಾ ಕಚೇರಿಗೆ ಮೊದಲು ಹೋಗು, ಏನನ್ನೂ ಮುಚ್ಚಿಡಬೇಡ ಎಂದು ನಾನು ಹೇಳಿದೆ. ಹೋದಳು. ಆ ಕೆಲಸವನ್ನೂ ಬಿಟ್ಟಳು. ಬರಬೇಕಿದ್ದ ಮೂರು ವಾರಗಳ ಹಣ ಬರಲೇ ಇಲ್ಲ. ಅವಳು ಕೇಳಲೂ ಇಲ್ಲ.

ಇನ್ನು ಮಸಾಜ್ ಕೆಲಸವನ್ನೇ ಹಿಡಿದು ಇಲ್ಲಿ ನೆಲೆಯೂರಬಹುದು ಎಂಬ ಏಜೆಂಟರ ಮಾತು. 2025ರ ಜುಲೈ 22ರಿಂದ ನುರಿತ ಕೆಲಸಗಾರರ ವೀಸಾಕ್ಕೆ ಹುದ್ದೆಯು ಸಾಮಾನ್ಯವಾಗಿ ಪದವಿ ಮಟ್ಟದ್ದಾಗಿರಬೇಕು, ಸಂಬಳ ವರ್ಷಕ್ಕೆ 41,700 ಪೌಂಡ್ ಮುಟ್ಟಬೇಕು. ಮಸಾಜ್ ಕೇಂದ್ರದ ಕೆಲಸ ಈ ಎರಡರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಪ್ರಾಯೋಜಕರಿಗೆ ಕೊಡಲೆಂದು ಏಜೆಂಟರು ಹಣ ಕೇಳಿದರೆ ಅಲ್ಲೇ ಎದ್ದು ಬರುವುದು ಕ್ಷೇಮ: ಪ್ರಾಯೋಜಕತ್ವದ ಪ್ರಮಾಣಪತ್ರದ ಶುಲ್ಕವನ್ನು ಕೆಲಸಗಾರರ ತಲೆಗೆ ಕಟ್ಟುವುದನ್ನು ಈ ವೀಸಾದಲ್ಲಿ ನಿಷೇಧಿಸಲಾಗಿದೆ. ಪ್ರಾಯೋಜಕರ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಸಾಗರದಲ್ಲಿ ಕುಳಿತೇ ನೋಡಬಹುದು. ಅನುಮತಿಯಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ 2024ರ ಫೆಬ್ರವರಿಯಿಂದ ತಲಾ 45,000 ಪೌಂಡಿನವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡಿನವರೆಗೆ ದಂಡ ಬೀಳಬಹುದು. ದಂಡ ಕಟ್ಟಿದ ಮೇಲೆ ಮಾಲೀಕರ ಅಂಗಡಿ ಮತ್ತೆ ತೆರೆಯಬಹುದು. ಊರಿಗೆ ಮರಳಿ ಕಳುಹಿಸಲ್ಪಟ್ಟ ವಿದ್ಯಾರ್ಥಿಗೆ ಮತ್ತೆ ತೆರೆಯುವ ಬಾಗಿಲು ಯಾವುದು?

ಆಯುರ್ವೇದದವರಿಗೂ ಒಂದು ಮಾತು. ಅಭ್ಯಂಗ, ಶಿರೋಧಾರೆಗಳಿಗೆ ಇಲ್ಲಿ ಒಳ್ಳೆಯ ಬೇಡಿಕೆಯಿದೆ, ನಿಜ. ಆದರೆ ನಮ್ಮ ಬಿಎಎಂಎಸ್ ಪದವಿಯಿಂದ ಇಲ್ಲಿನ ವೈದ್ಯರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ನೋಂದಾಯಿತ ವೈದ್ಯರೆಂದು ಜನರನ್ನು ನಂಬಿಸುವುದು 1983ರ ವೈದ್ಯಕೀಯ ಕಾಯ್ದೆಯಡಿ ಅಪರಾಧ. ತಯಾರಿಸಿ ಡಬ್ಬಿಯಲ್ಲಿ ತುಂಬಿದ ಗಿಡಮೂಲಿಕೆ ಔಷಧಿಗಳಿಗೆ 2011ರ ಏಪ್ರಿಲ್ 30ರಿಂದ ಪರವಾನಗಿಯೋ ನೋಂದಣಿಯೋ ಕಡ್ಡಾಯವಾಗಿದೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜನರಿಗೆ ಜಾಹೀರಾತು ಕೊಡುವುದನ್ನು 1939ರಷ್ಟು ಹಿಂದೆಯೇ ನಿಷೇಧಿಸಿದ್ದಾರೆ. ಊರಿನಲ್ಲಿ ಗೋಡೆಗೋಡೆಗೂ ಬರೆಸುವುದನ್ನು ಇಲ್ಲಿ ಬರೆಸಿದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಹಾಗಾದರೆ ಏನಾಗಬೇಕು? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇಡೀ ಇಂಗ್ಲೆಂಡಿಗೆ ಒಂದೇ ನಿಯಮ ಬೇಕು; ಆ ನಿಯಮ ಜಾಗವನ್ನಷ್ಟೇ ಅಲ್ಲ, ಕೆಲಸ ಮಾಡುವ ವ್ಯಕ್ತಿಯನ್ನೂ ನೋಡಬೇಕು. ನೆರೆಯ ವೇಲ್ಸ್ 2024ರ ನವೆಂಬರ್ 29ರಿಂದ ಅಕ್ಯುಪಂಕ್ಚರ್, ಹಚ್ಚೆ, ದೇಹ ಚುಚ್ಚುವಿಕೆ, ಎಲೆಕ್ಟ್ರಾಲಿಸಿಸ್ ಕೆಲಸಗಳಿಗೆ ಇಂಥದ್ದೇ ವ್ಯವಸ್ಥೆ ತಂದಿದೆ: ವ್ಯಕ್ತಿಗೆ ಪರವಾನಗಿ, ಸ್ಥಳಕ್ಕೆ ಅನುಮೋದನೆ. ಮಸಾಜನ್ನು ಅಲ್ಲಿಯೂ ಹೊರಗಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ 2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆ ಸೌಂದರ್ಯವರ್ಧಕ ಚಿಕಿತ್ಸೆಗಳಿಗೆ ಪರವಾನಗಿ ತರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅದರ ಗುರಿ ತುಟಿಗೆ, ಹಣೆಗೆ ಚುಚ್ಚುವ ಚುಚ್ಚುಮದ್ದುಗಳು. ಮತ್ತೆ ಸೂಜಿಯದೇ ಮಾತು.

ಸ್ವಯಂಪ್ರೇರಣೆಯ ನೋಂದಣಿ ಇದೆಯಲ್ಲ ಎಂದು ಇಲ್ಲಿನ ಅಧಿಕಾರಿಗಳು ಹೇಳುತ್ತಾರೆ. ಇದೆ. 2008ರಲ್ಲಿ ಆರಂಭವಾದ ಸಿಎನ್‌ಎಚ್‌ಸಿ ಎಂಬ ಪರಿಷತ್ತು ತರಬೇತಿ, ವಿಮೆ, ನಡತೆಗಳನ್ನು ಪರಿಶೀಲಿಸಿ ಹೆಸರು ದಾಖಲಿಸುತ್ತದೆ, ಅದರ ಪಟ್ಟಿಗೆ ಸರ್ಕಾರ ಸ್ಥಾಪಿಸಿದ ಮೇಲ್ವಿಚಾರಣಾ ಪ್ರಾಧಿಕಾರದ ಮಾನ್ಯತೆಯೂ ಇದೆ. ಅದು ಒಳ್ಳೆಯ ಕೆಲಸ. ಆದರೆ ತಾನಾಗಿ ಬಂದು ಹೆಸರು ಬರೆಸುವವರು ಮೊದಲೇ ಸರಿಯಾಗಿ ನಡೆಯುವವರು. ದಾವಣಗೆರೆಯ ಹುಡುಗಿಯನ್ನು ಎಂಟು ಗಂಟೆ ಕೂರಿಸಿದವರು ಆ ಪಟ್ಟಿಯ ಕಡೆಗೆ ತಲೆ ಹಾಕುವುದಿಲ್ಲ.

ಪರವಾನಗಿ ಬಂದರೆ ಮನೆಯಲ್ಲಿಯೇ ಒಂದು ಕೋಣೆಯಲ್ಲಿ ನಿಯತ್ತಾಗಿ ದುಡಿಯುವ ಹೆಂಗಸರಿಗೆ ಶುಲ್ಕದ ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅಂಥವರ ಲೆಕ್ಕವನ್ನೂ ನಾನು ಬರೆಯುತ್ತೇನೆ, ವರ್ಷದ ಕೊನೆಗೆ ಅವರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಬಲ್ಲೆ. ಶುಲ್ಕ ಕಡಿಮೆಯಿರಲಿ. ತರಬೇತಿಯನ್ನು ಕೇಳದೆ ರಸೀದಿ ಮಾತ್ರ ಹರಿದುಕೊಡುವ ಪರವಾನಗಿಯಿಂದ ಪ್ರಯೋಜನವೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪರಿಶೀಲನೆಗೆ ಬರುವ ಅಧಿಕಾರಿಯ ಹತ್ತಿರ ಕೆಲಸದ ಹುಡುಗಿ ತನ್ನ ಸಂಬಳದ ಬಗ್ಗೆ ದೂರು ಹೇಳಿಕೊಂಡರೆ ಆ ದೂರು ನೇರವಾಗಿ ವೀಸಾ ಕಚೇರಿಗೆ ಹೋಗಬಾರದು. ಈ ಒಂದು ಖಾತ್ರಿ ಇಲ್ಲದಿದ್ದರೆ ಎಷ್ಟು ಕಾಯ್ದೆ ಬಂದರೂ ಬಾಯಿ ತೆರೆಯುವವರು ಯಾರೂ ಇರುವುದಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯನ್ನು ನಾವು ಮನೆದೇವರಂತೆ ಕಾಣುತ್ತೇವೆ. ನರಕ ಚತುರ್ದಶಿಯ ಎಣ್ಣೆಸ್ನಾನವಿಲ್ಲದೆ ನಮಗೆ ದೀಪಾವಳಿಯಿಲ್ಲ. ಅದೇ ಕೆಲಸವನ್ನು ಮಗಳು ಪರದೇಶದಲ್ಲಿ ಮಾಡುತ್ತಾಳೆ ಎಂದರೆ ಮುಖ ಸಣ್ಣದಾಗುತ್ತದೆ. ದಾವಣಗೆರೆಯ ಹುಡುಗಿ ಮನೆಯವರಿಗೆ ‘ಆಸ್ಪತ್ರೆಯಲ್ಲಿ ಕೆಲಸ’ ಎಂದು ಹೇಳಿದ್ದಳು. ನಿಜ ಹೇಳಿದ್ದರೆ ತಂದೆ ಮರುದಿನವೇ ವಾಪಸು ಕರೆಸುತ್ತಿದ್ದರು ಎಂಬ ಭಯ ಅವಳಿಗೆ. ಮಾಲೀಕಳಿಗೆ ಆ ಭಯವೂ ಗೊತ್ತಿತ್ತು. ವೀಸಾದ ಬೆದರಿಕೆ ಒಂದು ಕಡೆ, ಮರ್ಯಾದೆಯ ಬೆದರಿಕೆ ಇನ್ನೊಂದು ಕಡೆ.

ಎರಡು ದಿನಗಳ ನಂತರ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಏಜೆಂಟನಿಗೆ ಐವತ್ತು ಸಾವಿರ ಕೊಟ್ಟಾಗಿದೆಯಲ್ಲೆ" ಎಂದ. ಅದು ಹೋಯಿತೆಂದು ತಿಳಿದುಕೊ ಅಣ್ಣ, ಮಗಳನ್ನು ಮಾತನಾಡಿಸು ಎಂದೆ. ಅವಳು ಫೋನಿಗೆ ಬಂದಳು. ಎಚ್‌ಸಿಪಿಸಿಗೆ ಊರಿನಿಂದಲೇ ಅರ್ಜಿ ಹಾಕಬಹುದು, ಅದಕ್ಕೆ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕಾಗಬಹುದು, ಓದಿದ ವಿಷಯಗಳ, ಆಸ್ಪತ್ರೆಯಲ್ಲಿ ಪಡೆದ ತರಬೇತಿಯ ವಿವರವನ್ನು ಕಾಲೇಜಿನಿಂದ ಪಡೆಯಬೇಕು, ತಿಂಗಳುಗಟ್ಟಲೆ ಹಿಡಿದೀತು ಎಂದು ವಿವರಿಸಿದೆ. "ಅತ್ತೆ, ಆಗ ನಾನು ಫಿಸಿಯೋ ಅಂತಲೇ ಹೇಳಿಕೊಳ್ಳಬಹುದಲ್ವಾ?" ಎಂದು ಕೇಳಿದಳು. ನೋಂದಣಿ ಆದ ದಿನದಿಂದ ಹೇಳಿಕೊಳ್ಳಬಹುದು ಎಂದೆ. ನಿನ್ನೆ ಅವಳ ಸಂದೇಶ ಬಂದಿದೆ. ಮಂಗಳೂರಿನ ಕಾಲೇಜಿಗೆ ಹೋಗಿದ್ದಾಳಂತೆ, ಗುಮಾಸ್ತರು ಊಟಕ್ಕೆ ಎದ್ದು ಹೋಗಿದ್ದಾರಂತೆ, ಸಾಲಿನಲ್ಲಿ ಅವಳ ಮುಂದೆ ಇನ್ನೂ ಆರು ಜನ ಇದ್ದಾರಂತೆ.